ಮೇಷ್ಟ್ರು ಸುಮ್ಮನಿದ್ದರೆ ಪಾಠ ನಡೆಯುತ್ತದೆ

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಬಿ.ಎಡ್. ಮುಗಿಸಿ, ಕೆಲಸ ಸಿಗುವವರೆಗೆ ಹೊರದೇಶದಲ್ಲಿ ಸ್ವಯಂಸೇವಕರಾಗಿ ಇಂಗ್ಲಿಷ್ ಕಲಿಸಿ ಬರೋಣ ಎಂದುಕೊಂಡಿರುವ ಹುಡುಗ ಹುಡುಗಿಯರಿಗೆ ಈ ಮಾತು. ಪಕ್ಕದಲ್ಲೇ ಕೂತು "ಸಂಬಳ ಇಲ್ಲದ ಕೆಲಸಕ್ಕೆ ಅಷ್ಟು ದೂರ ಯಾಕೋ" ಎಂದು ಗೊಣಗುವ ಅಪ್ಪ ಅಮ್ಮಂದಿರೂ ಕೇಳಿಸಿಕೊಳ್ಳಲಿ. ಹೊರದೇಶ ಅಂದರೆ ಇವತ್ತು ನೇಪಾಳ. ನಮಗೆ ವೀಸಾ ಬೇಡ, ಊಟ ಅನ್ನ ಬೇಳೆ, ಹಿಂದಿ ಓದಲು ಬಂದರೆ ಅಲ್ಲಿನ ಬೋರ್ಡೂ ಓದಬಹುದು. ಶುರು ಮಾಡಲು ಅದಕ್ಕಿಂತ ಸಲೀಸಾದ ಜಾಗ ಇಲ್ಲ.

ನಾನು ಹೇಳಲು ಬಂದದ್ದು ಒಂದೇ ಮಾತು. ತರಗತಿಯಲ್ಲಿ ನೀವು ಕಡಿಮೆ ಮಾತಾಡಿ. ಯಾವ ವ್ಯಾಕರಣದ ಪುಸ್ತಕ ಒಯ್ಯಲಿ ಎಂದು ದಯವಿಟ್ಟು ಯಾರೂ ಕೇಳಬೇಡಿ. ಪುಸ್ತಕ ಅಲ್ಲೇ ಇದೆ. ಅಲ್ಲಿ ಇಲ್ಲದ್ದು ಮಕ್ಕಳು ಬಾಯಿ ಬಿಡುವ ಸಮಯ.

ಲೆಕ್ಕ ಹಾಕಿ ನೋಡಿ. ಪೀರಿಯಡ್ 40 ನಿಮಿಷ. ಹಾಜರಿ ಕೂಗುವುದು, ಬೋರ್ಡು ಒರೆಸುವುದು, ಪುಸ್ತಕ ತೆಗೆಸುವುದು ಎಂದು 10 ನಿಮಿಷ ಹೋಯಿತು. ಉಳಿದ 30 ನಿಮಿಷದಲ್ಲಿ 45 ಮಕ್ಕಳನ್ನು ಒಬ್ಬೊಬ್ಬರಾಗಿ ಎಬ್ಬಿಸಿ ಕೇಳಿದರೆ ತಲೆಗೆ 40 ಸೆಕೆಂಡು. ಅದರಲ್ಲಿ ಅರ್ಧ ನಿಮ್ಮ ಪ್ರಶ್ನೆ, ನಿಮ್ಮ ತಿದ್ದುಪಡಿ. ಮಗುವಿಗೆ ಸಿಕ್ಕಿದ್ದು 20 ಸೆಕೆಂಡು. ವಾರಕ್ಕೆ ಆರು ದಿನ ಇದೇ ನಡೆದರೆ ಎರಡು ನಿಮಿಷ. ಅದೇ ಮಕ್ಕಳನ್ನು ಜೋಡಿ ಜೋಡಿಯಾಗಿ ಬರೀ 15 ನಿಮಿಷ ಮಾತಾಡಲು ಬಿಟ್ಟರೆ ಒಂದೇ ದಿನ ಒಬ್ಬೊಬ್ಬರಿಗೆ ಏಳೂವರೆ ನಿಮಿಷ. ಒಕ್ಕೊರಲಿನಿಂದ ಹೇಳಿಸುತ್ತೇವಲ್ಲ ಅನ್ನಬೇಡಿ. ಒಕ್ಕೊರಲಿನಲ್ಲಿ ಮುಂದಿನ ಬೆಂಚಿನ ನಾಲ್ವರು ಕೂಗುತ್ತಾರೆ, ಉಳಿದವರು ತುಟಿ ಆಡಿಸುತ್ತಾರೆ.

ಆಲೂರು ಕಡೆಯ ಹುಡುಗಿಯೊಬ್ಬಳ ಕಥೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಅವಳು ಕಲಿಸಲು ಹೋದದ್ದು ನೇಪಾಳದ ಗುಡ್ಡದ ಮೇಲಿನ ಸರ್ಕಾರಿ ಶಾಲೆ, ಆರನೇ ತರಗತಿ, 44 ಮಕ್ಕಳು. ಸಂತೆಯ ಬೆಲೆ ಕೇಳುವ ಪಾಠ. ಆಲೂಗಡ್ಡೆಗೆ ಅಲ್ಲಿಯೂ ಆಲು ಅಂತಲೇ ಅನ್ನುತ್ತಾರೆ, ಹಾಸನದವರಿಗೆ ಇನ್ನೇನು ಬೇಕು! ರಾತ್ರಿ ಕೂತು ಹಳೆಯ ನೋಟ್‌ಬುಕ್ಕಿನ ಹಾಳೆ ಕತ್ತರಿಸಿ 44 ಚೀಟಿ ಮಾಡಿದಳು. ಪ್ರತಿ ಚೀಟಿಯಲ್ಲೂ ಆಲೂಗಡ್ಡೆ, ಮೊಟ್ಟೆ, ಉಪ್ಪು, ಸೋಪು, ಬಾಳೆಹಣ್ಣು, ಟೀ, ಆರಕ್ಕೂ ಬೆಲೆ. ಬೆಳಿಗ್ಗೆ ಹಂಚಿ, ಒಬ್ಬರನ್ನೊಬ್ಬರು ಬೆಲೆ ಕೇಳಿ ಎಂದಳು. ಎರಡು ನಿಮಿಷಕ್ಕೆ ತರಗತಿ ತಣ್ಣಗಾಯಿತು. ಯಾಕೆ? ಇಬ್ಬರ ಚೀಟಿಯಲ್ಲೂ ಎಲ್ಲ ಬೆಲೆ ಇದೆ. ಗೊತ್ತಿರುವುದನ್ನು ಯಾವ ಮಗು ಕೇಳುತ್ತದೆ, ಹೇಳಿ?

ಮಾರನೇ ದಿನ ಎರಡು ಬಗೆಯ ಚೀಟಿ, 22 ಹೀಗೆ, 22 ಹಾಗೆ. ಒಂದರಲ್ಲಿ ಆಲೂಗಡ್ಡೆ, ಮೊಟ್ಟೆ, ಉಪ್ಪಿಗೆ ಬೆಲೆ ಇದೆ, ಉಳಿದ ಮೂರಕ್ಕೆ ಗೆರೆ ಮಾತ್ರ. ಇನ್ನೊಂದರಲ್ಲಿ ಅದರ ತಿರುಗುಮುರುಗು. ಈಗ ಕೇಳಲೇಬೇಕು. ಆದರೆ ಕೇಳಲಿಲ್ಲ. ಪಕ್ಕಕ್ಕೆ ಬಗ್ಗಿ ನೋಡಿಕೊಂಡು ಬರೆದುಬಿಟ್ಟರು! ಉದ್ದದ ಬೆಂಚು, ಐದೈದು ಜನ ಒತ್ತಿಕೊಂಡು ಕೂತಿರುವಾಗ ಇಣುಕದೆ ಇರುತ್ತಾರಾ?

ಮೂರನೇ ದಿನ ಒಂದು ಬೆಂಚಿನವರನ್ನು ಹಿಂದಕ್ಕೆ ತಿರುಗಿಸಿ, ಹಿಂದಿನ ಬೆಂಚಿನವರಿಗೆ ಎದುರಾಗಿ ಕೂರಿಸಿದಳು. ಚೀಟಿಯನ್ನು ಪುಸ್ತಕದ ಒಳಗೆ ಇಟ್ಟು ಪುಸ್ತಕ ನೆಟ್ಟಗೆ ಹಿಡಿಯಬೇಕು. ಅದಕ್ಕೂ ಮೊದಲು ಐದು ನಿಮಿಷ, ಮೂರೇ ವಾಕ್ಯ ಬೋರ್ಡಿನ ಮೇಲೆ ಬರೆದು ಬಾಯಿಪಾಠ. 'ಹೌ ಮಚ್ ಈಸ್ ಇಟ್', 'ಅಗೇನ್ ಪ್ಲೀಸ್', 'ಸ್ಲೋಲಿ ಪ್ಲೀಸ್'. ಆ ಎರಡನೆಯದೂ ಮೂರನೆಯದೂ ಇಲ್ಲದಿದ್ದರೆ ಮಗು ಒಂದು ಸಲ ಅರ್ಥವಾಗಲಿಲ್ಲ ಅಂದ ತಕ್ಷಣ ನೇಪಾಳಿಗೆ ಹಾರುತ್ತದೆ. ಆಮೇಲೆ ಇವಳು ಸೀಮೆಸುಣ್ಣ ಕೆಳಗಿಟ್ಟು ಬಾಗಿಲ ಹತ್ತಿರ ಹೋಗಿ ನಿಂತಳು. ತಪ್ಪು ಕೇಳಿಸಿದರೆ ನಡುವೆ ಬಾಯಿ ಹಾಕಲಿಲ್ಲ, ಕೈಯಲ್ಲಿದ್ದ ಕಾಗದದಲ್ಲಿ ಬರೆದುಕೊಂಡಳು. ಕೊನೆಯ ಐದು ನಿಮಿಷ ಅದರಲ್ಲಿ ಮೂರು ತಪ್ಪು ಮಾತ್ರ ಬೋರ್ಡಿಗೆ, ಯಾರದೆಂದು ಹೇಳದೆ.

ಗದ್ದಲ ಹೇಗಿತ್ತೆಂದರೆ ಹೆಡ್‌ಮಾಸ್ಟರು ಓಡಿ ಬಂದರು. ಮೇಡಂ ಬಾಗಿಲಲ್ಲಿ ಸುಮ್ಮನೆ ನಿಂತಿದ್ದಾರೆ, ಒಳಗೆ ಸಂತೆ! ಅವರು ಹಿಂದಿನ ಬೆಂಚಿನ ಹುಡುಗಿಯನ್ನು ಇಂಗ್ಲಿಷಿನಲ್ಲಿ ಏನೋ ಗದರಿಸಿ ಕೇಳಿದರು. ಅಲ್ಲಿಯವರೆಗೆ ತರಗತಿಯಲ್ಲಿ ಒಂದು ಮಾತೂ ಆಡದ ಹುಡುಗಿ ಅದು. ಎದ್ದು ನಿಂತು, "ಸ್ಲೋಲಿ ಪ್ಲೀಸ್, ಸರ್" ಅಂದಳು. ಹೆಡ್‌ಮಾಸ್ಟರು ನಿಧಾನವಾಗಿ ಇನ್ನೊಂದು ಸಲ ಕೇಳಿದರು. ಉತ್ತರ ಬಂತು.

ಗಾಜಿನ ಆಚೆ ಗಡಿಯಾರ ತೋರಿಸುತ್ತಿದ್ದಾರೆ. ಸರಿ, ಬೇಗ ಬೇಗ ಹೇಳುತ್ತೇನೆ.

ಉಚ್ಚಾರ. ನಾವು ಇಂಗ್ಲಿಷ್ ಪದದ ಕೊನೆಗೆ 'ಉ' ಅಂಟಿಸುತ್ತೇವೆ, ಬಸ್ಸು, ಕಪ್ಪು, ಬುಕ್ಕು. ನೇಪಾಳಿ ಮಕ್ಕಳು ಮೊದಲಿಗೆ 'ಇ' ಸೇರಿಸುತ್ತಾರೆ, ಇಸ್ಕೂಲ್, ಇಸ್ಟೇಷನ್. ನೀವು ಎಚ್ಚರ ತಪ್ಪಿದರೆ ಎರಡೂ ಕೂಡಿ 'ಇಸ್ಕೂಲು' ಆಗುತ್ತದೆ. ಹಾವಿನಂತೆ 'ಸ್ಸ್ಸ್' ಎಂದು ಉದ್ದಕ್ಕೆ ಎಳೆಸಿ, ಉಸಿರು ಬಿಡದೆ 'ಕೂಲ್' ಸೇರಿಸಿ. ವಾರದಲ್ಲಿ 'ಇ' ಬಿದ್ದುಹೋಗುತ್ತದೆ. 'ಫ' ಅನ್ನಲು ತುಟಿ ಎರಡೂ ಮುಚ್ಚುತ್ತಾರೆ, ಮೇಲಿನ ಹಲ್ಲು ಕೆಳತುಟಿಗೆ ತಾಗಿಸಿ ತೋರಿಸಿ, ಸಾಕು. ವಿವರಣೆ ಬೇಡ. ಮತ್ತೆ ಅದೇ ಮಾತು, ನೀವು ಸುಮ್ಮನಿರಿ.

ವಾಕ್ಯದಲ್ಲಿ ಕನ್ನಡದವರಿಗೆ ಒಂದು ಲಾಭ ಇದೆ. ನೇಪಾಳಿಯಲ್ಲಿ 'ಮ ಭಾತ್ ಖಾನ್ಛು', ಅಂದರೆ ನಾನು ಅನ್ನ ತಿನ್ನುತ್ತೇನೆ. ಕ್ರಿಯಾಪದ ನಮ್ಮ ಹಾಗೇ ಕೊನೆಗೆ. ಅವರು 'ಐ ರೈಸ್ ಈಟ್' ಅನ್ನುವುದು ಯಾಕೆಂದು ನಿಮಗೆ ಹುಟ್ಟಿನಿಂದಲೇ ಗೊತ್ತು. ಮೂರು ರಟ್ಟಿನ ಮೇಲೆ ಮೂರು ಪದ ಬರೆದು ಮೂವರು ಮಕ್ಕಳ ಕೈಗೆ ಕೊಟ್ಟು ನಿಲ್ಲಿಸಿ. ಉಳಿದವರು ಕೂಗಿ ಜಾಗ ಬದಲಿಸಲಿ.

ಮಳೆಗಾಲ. ತಗಡಿನ ಮಾಡಿನ ಮೇಲೆ ಮಳೆ ಹೊಡೆದರೆ ಏನೂ ಕೇಳುವುದಿಲ್ಲ, ಸಕಲೇಶಪುರದವರಿಗೆ ಹೇಳಬೇಕಾಗಿಲ್ಲ. ಅಂಥ ದಿನಕ್ಕೆಂದು ಚಿತ್ರ ಬರೆದು ಹೆಸರು ಬರೆಯುವ ಪಾಠ ಎರಡು ಮೂರು ಕೈಯಲ್ಲಿರಲಿ.

ದಿನಚರಿ ಹೊಟ್ಟೆಗೆ ಒಗ್ಗಲು ವಾರ ಬೇಕು. ಬೆಳಿಗ್ಗೆ 9ರ ಸುಮಾರಿಗೆ ಪೂರ್ತಿ ಊಟ, ದಾಲ್ ಭಾತ್. 10ರಿಂದ 4ರವರೆಗೆ ಶಾಲೆ. ನಡುವೆ ಖಾಜಾ ಎಂಬ ತಿಂಡಿ, ಹೆಚ್ಚಾಗಿ ಚಿಯುರಾ, ನಮ್ಮ ಅವಲಕ್ಕಿಯೇ. ರಾತ್ರಿ ಮತ್ತೆ ದಾಲ್ ಭಾತ್. ಎಂಜಲಿನ ಮಡಿ ಇಲ್ಲಿಗಿಂತ ಜೋರು, ತಿನ್ನುವ ಕೈಯಿಂದ ಪಾತ್ರೆ ಮುಟ್ಟಬೇಡಿ. ಗಡಿಯಾರ ನಮಗಿಂತ 15 ನಿಮಿಷ ಮುಂದೆ. ವಾರದ ರಜೆ ರೂಢಿಯಿಂದ ಶನಿವಾರ. ಶಾಲಾ ವರ್ಷ ಶುರುವಾಗುವುದು ವೈಶಾಖದಲ್ಲಿ, ಏಪ್ರಿಲ್ ನಡುವಿಗೆ. ದಸರೆಯ ಹೊತ್ತಿಗೆ, ಅವರ ದಸೈಂ ಹಬ್ಬಕ್ಕೆ, ಶಾಲೆಗೆ ಉದ್ದನೆಯ ರಜೆ. ಆಗ ಹೋಗಿ ಬೀಗ ನೋಡಿಕೊಂಡು ಬರಬೇಡಿ.

ಕಾಗದ ಪತ್ರ. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇಟ್ಟುಕೊಳ್ಳಿ, ಆಧಾರ್ ನಂಬಿ ಹೊರಡಬೇಡಿ. ರೈಲಾದರೆ ಬೆಂಗಳೂರಿನಿಂದ ಗೋರಖಪುರ, ಅಲ್ಲಿಂದ ರಸ್ತೆಯಲ್ಲಿ ಸೋನೌಲಿ ಗಡಿ. ನಮ್ಮ ಒಂದು ರೂಪಾಯಿಗೆ ಅಲ್ಲಿ 1.60. ನಮ್ಮ ದುಡ್ಡಿಗೆ ಅಂಗಡಿಯವರು ಐಸಿ ಅನ್ನುತ್ತಾರೆ. ಬೆಲೆ ಹೇಳಿದಾಗ ಐಸಿಯೋ ನೇಪಾಳಿಯೋ ಎಂದು ಕೇಳಿ. ನೂರರ ನೋಟೇ ಒಯ್ಯಿರಿ.

ಕಳಿಸುವ ಸಂಸ್ಥೆ ದುಡ್ಡು ಕೇಳಿದರೆ ಊಟಕ್ಕೆ ಎಷ್ಟು, ಶಾಲೆಗೆ ಎಷ್ಟು, ಕಚೇರಿಗೆ ಎಷ್ಟು ಎಂದು ಬರವಣಿಗೆಯಲ್ಲಿ ಕೇಳಿ. ಅನಾಥಾಲಯದಲ್ಲಿ ಕಲಿಸಿ ಅಂದರೆ ಬೇಡ ಅನ್ನಿ. ಅಲ್ಲಿನ ಹೆಚ್ಚಿನ ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ, ಪರದೇಶದವರ ದುಡ್ಡಿಗಾಗಿ ಮಕ್ಕಳನ್ನು ಊರಿಂದ ಕರೆತಂದ ಪ್ರಕರಣಗಳು ಬೆಳಕಿಗೆ ಬಂದಿವೆ. ಶಾಲೆಗೇ ಹೋಗಿ. ಅಲ್ಲಿನ ಇಂಗ್ಲಿಷ್ ಶಿಕ್ಷಕರನ್ನು ಪಕ್ಕದಲ್ಲೇ ಇಟ್ಟುಕೊಂಡು ಪಾಠ ಮಾಡಿ. ನೀವು ಊರಿಗೆ ವಾಪಸ್ ಬಂದ ಮೇಲೆ ಚೀಟಿ ಹಂಚುವವರು ಅವರು.

ಇನ್ನು ಅರ್ಧ ನಿಮಿಷವಂತೆ. ಟಾರ್ಚು, ಉಣ್ಣೆಯ ಕಾಲುಚೀಲ, ಒಂದು ಕತ್ತರಿ. ಕತ್ತರಿಯನ್ನು ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ. ನಮಸ್ಕಾರ.