ಟೆಕ್ ಟ್ರೀಯ ಗೆರೆಗಳು ಹೇಳದ ಲೆಕ್ಕ

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಒಂದೇ ಆಟದ ಬಗ್ಗೆ, 2016ರಲ್ಲಿ ಬಂದ ‘ಸಿವಿಲೈಸೇಷನ್ 6’, ಸರದಿಯಿಂದ ಸರದಿಗೆ (ಟರ್ನ್) ನಾಡು ಕಟ್ಟುತ್ತಾ ಹೋಗುವ ಕಂಪ್ಯೂಟರ್ ಆಟ. ಅದರಲ್ಲೂ ರಿಸರ್ಚ್ ಲೆಕ್ಕ ಇಡುವುದಷ್ಟೇ. ಯುದ್ಧ, ಧರ್ಮ, ವ್ಯಾಪಾರ ಅಂತ ಹೊರಟರೆ ಯಾರೂ ರಾತ್ರಿ ಊಟಕ್ಕೆ ಮನೆ ಸೇರುವುದಿಲ್ಲ.

ಟೆಕ್ ಟ್ರೀ, ಅಂದರೆ ತಂತ್ರಜ್ಞಾನಗಳನ್ನು (ಟೆಕ್) ಗೆರೆಗಳಿಂದ ಜೋಡಿಸಿದ ನಕ್ಷೆ, ಈ ಸರಣಿಯ 1991ರ ಮೊದಲ ಆಟದಿಂದಲೂ ಇದೆ. ಒಂದನ್ನು ಕಲಿತರೆ ಮುಂದಿನದು ತೆರೆಯುತ್ತದೆ. ಆರನೆಯ ಆಟದಲ್ಲಿ ದೂರದ ಟೆಕ್ ಮೇಲೆ ಒಂದು ಕ್ಲಿಕ್ ಸಾಕು, ನಡುವಿನದೆಲ್ಲ ತಾನಾಗಿ ಕ್ಯೂ ಸೇರುತ್ತದೆ. ಎಷ್ಟೋ ಜನ ಆಮೇಲೆ ಸುಮ್ನೆ ಟರ್ನ್ ಒತ್ತುತ್ತಾ ಕೂರುತ್ತಾರೆ. ನನ್ನ ತಕರಾರು ಅಲ್ಲೇ. ಆ ಕ್ಯೂ ಅರ್ಧ ಲೆಕ್ಕ ಮಾತ್ರ.

ಉಳಿದರ್ಧ ಯುರೇಕಾ. ಟೆಕ್‌ಗೆ ಸಂಬಂಧಿಸಿದ ಒಂದು ಕೆಲಸ ಮಾಡಿದರೆ ಅದರ ಖರ್ಚಿನಲ್ಲಿ ಒಂದು ಪಾಲು ಮಾಫಿ. ಮೊದಲು ಶೇ 50 ಇತ್ತು, 2018ರ ‘ರೈಸ್ ಆಂಡ್ ಫಾಲ್’ ಎಂಬ ವಿಸ್ತರಣೆಯ ನಂತರ ಶೇ 40. ಮೇಸನ್ರಿ (ಕಲ್ಲುಕೆಲಸ) ಎಂಬ ಟೆಕ್‌ಗೆ ಬೇಕಾದ ಸೈನ್ಸ್, ಅಂದರೆ ರಿಸರ್ಚ್ ಅಂಕ, 80. ಒಂದು ಕಲ್ಲಿನ ಕ್ವಾರಿ ಕಟ್ಟಿದರೆ 32 ಪುಕ್ಕಟೆ! ಆಟದ ಆರಂಭದಲ್ಲಿ ಇದು ಸಣ್ಣ ಮೊತ್ತವಲ್ಲ.

ಈಗ ಮಷಿನರಿ ಎಂಬ ಟೆಕ್ ಬೇಕು ಅಂದುಕೊಳ್ಳಿ, ಕ್ರಾಸ್‌ಬೋ ಪಡೆಗಾಗಿ. ಟ್ರೀಯಲ್ಲಿ ಅದರ ಹಿಂದೆ ಇರುವುದು ಐರನ್ ವರ್ಕಿಂಗ್ ಮತ್ತು ಎಂಜಿನಿಯರಿಂಗ್. ಆದರೆ ಮಷಿನರಿಯ ಯುರೇಕಾಕ್ಕೆ ಮೂವರು ಆರ್ಚರ್‌ಗಳು (ಬಿಲ್ಲುಗಾರರು) ಬೇಕು. ಅವರನ್ನು ಕೊಡುವ ಆರ್ಚರಿ ಆ ಕ್ಯೂನಲ್ಲಿ ಇರುವುದೇ ಇಲ್ಲ. ಎಂಜಿನಿಯರಿಂಗ್‌ನ ಯುರೇಕಾಕ್ಕೆ ಕೋಟೆ ಗೋಡೆ ಕಟ್ಟಬೇಕು. ಗೋಡೆ ಬರುವುದು ಮೇಸನ್ರಿಯಿಂದ, ಅದೂ ಕ್ಯೂನಲ್ಲಿ ಇಲ್ಲ. ಗೆರೆಗಳು ತೋರಿಸುವ ದಾರಿ ಒಂದು, ಯುರೇಕಾ ಕೇಳುವ ದಾರಿ ಇನ್ನೊಂದು. ಹಾಗಾಗಿ ನಾನು ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಳ್ಳುತ್ತೇನೆ. ಬೇಕಾದ ಟೆಕ್‌ನಿಂದ ಹಿಂದಕ್ಕೆ ಬರೆಯುತ್ತಾ ಬರುತ್ತೇನೆ: ಆರ್ಚರ್ ಮೂರು, ಗೋಡೆ, ಐರನ್ ವರ್ಕಿಂಗ್‌ನ ಯುರೇಕಾಕ್ಕೆ ಕಬ್ಬಿಣದ ಮೇಲೆ ಒಂದು ಗಣಿ. ಸ್ಲಿಂಗರ್‌ಗಳನ್ನು (ಕವಣೆಗಾರರನ್ನು) ಮೊದಲೇ ತಯಾರಿಸಿ, ಒಬ್ಬನ ಕೈಯಲ್ಲಿ ಶತ್ರುವನ್ನು ಕೊಲ್ಲಿಸಿದರೆ ಆರ್ಚರಿಗೂ ಯುರೇಕಾ ಸಿಗುತ್ತದೆ. ಆಮೇಲೆ ಚಿನ್ನ ಕೊಟ್ಟು ಅವರನ್ನೇ ಆರ್ಚರ್ ಮಾಡಿ.

ಚೀಟಿಯಲ್ಲಿ ಇನ್ನೊಂದು ಸಾಲು ಇರಲಿ, ನಡುವೆ ನಿಲ್ಲಿಸಿದ ಟೆಕ್‌ಗಳದ್ದು. ಯುರೇಕಾ ಇನ್ನೂ ಬಂದಿಲ್ಲವೆಂದರೆ ಟೆಕ್ ಅನ್ನು ಶೇ 60ರ ಹತ್ತಿರ ತಂದು ಬಿಟ್ಟು, ಬೇರೆಯದಕ್ಕೆ ಹೋಗಬಹುದು. ಮಾಡಿದ ಕೆಲಸ ಅಳಿಯುವುದಿಲ್ಲ. ಶೇ 90ಕ್ಕೆ ಬಂದ ಮೇಲೆ ಯುರೇಕಾ ಸಿಕ್ಕಿತೋ, ಅದರ ಪೂರ್ತಿ ಲಾಭ ನಿಮಗಿಲ್ಲ. ನಿಲ್ಲಿಸಿದ್ದು ಸುಲಭ, ವಾಪಸ್ ಬರುವುದು ಮರೆತುಹೋಗುತ್ತದೆ ಅಲ್ವಾ? ಅದಕ್ಕೇ ಬರೆದಿಡಿ ಅನ್ನುವುದು.

ಎಲ್ಲ ಯುರೇಕಾಕ್ಕೂ ಕಾಯಬೇಡಿ. ಪಕ್ಕದ ರಾಜ ಗಡಿಯಲ್ಲಿ ಸೈನ್ಯ ನಿಲ್ಲಿಸಿರುವಾಗ ಶೇ 40 ಉಳಿಸುತ್ತೇನೆಂದು ಹಟ ಹಿಡಿದರೆ ಊರೇ ಹೋಗುತ್ತದೆ. ಆಗ ಪೂರ್ತಿ ಬೆಲೆ ಕೊಟ್ಟು ಮುಗಿಸಿ.

ಚೀಟಿಯೇ ಆಟವಾಗುವುದು ನಾವು ಆಡಲು ಆರಿಸುವ ನಾಡುಗಳ ಪಟ್ಟಿಗೆ 2020ರಲ್ಲಿ ಸೇರಿದ ಬ್ಯಾಬಿಲೋನ್‌ನಲ್ಲಿ. ಅಲ್ಲಿನ ರಾಜ ಹಮ್ಮುರಾಬಿ. ಟರ್ನ್‌ಗೆ ಬರುವ ಸೈನ್ಸ್ ಅರ್ಧಕ್ಕೆ ಇಳಿಯುತ್ತದೆ, ಆದರೆ ಯುರೇಕಾ ಬಂದರೆ ಟೆಕ್ ಪೂರ್ತಿ ಕೈಗೆ. ಮೂವರು ಆರ್ಚರ್ ಇದ್ದರೆ ಮಷಿನರಿ ಬಂದೇಬಿಟ್ಟಿತು. ಎದುರಾಳಿ ಇನ್ನೂ ಕತ್ತಿ ಹಿಡಿದಿರುವಾಗ ನಿಮ್ಮ ಬಳಿ ಕ್ರಾಸ್‌ಬೋ! ಇದು ನ್ಯಾಯವೇ ಅಂತ ನನಗೆ ಈಗಲೂ ಅನುಮಾನವಿದೆ. ಬನ್ನಿ, ಪರದೆಯ ಮೇಲೆ ಹಮ್ಮುರಾಬಿಯ ಆಟವನ್ನೇ ತೆರೆಯುತ್ತೇನೆ. ಮೊದಲ ನಲವತ್ತು ಟರ್ನ್ ಒಟ್ಟಿಗೆ ಆಡೋಣ, ಪ್ರಶ್ನೆಗಳನ್ನು ನಡುನಡುವೆಯೇ ಕೇಳಿ.