ಒಲ್ಲದ ಮನಸ್ಸಿನಿಂದ ಬಾಗ್ದಾದಿಗೆ

ಕೇಳುಗರಿಗೆ ನಮಸ್ಕಾರ.

2003ನೆಯ ಇಸವಿಯ ಏಪ್ರಿಲ್ ತಿಂಗಳ ಮೂರನೆಯ ವಾರದಲ್ಲಿ, ಹೋಗಬೇಕೆಂಬ ಆಸೆ ಎಳ್ಳಷ್ಟೂ ಇಲ್ಲದೆ, ನಾನು ಬಾಗ್ದಾದ್ ನಗರವನ್ನು ಪ್ರವೇಶಿಸಿದೆ. ಅದುವರೆಗೆ ನನ್ನ ಕೆಲಸ ಪತ್ರಿಕಾ ಕಚೇರಿಯಲ್ಲಿ ಕುಳಿತು, ಸುದ್ದಿಸಂಸ್ಥೆಗಳು ಕಳುಹಿಸಿದ ವರದಿಗಳನ್ನು ಅನುವಾದಿಸಿ, ತಲೆಬರಹ ಕೊಟ್ಟು, ಪುಟಕ್ಕೆ ಹೊಂದಿಸುವುದಾಗಿತ್ತು. ಇರಾಕಿನ ಮೇಲೆ ಅಮೆರಿಕ ಮತ್ತು ಬ್ರಿಟನ್ ಹೂಡಿದ ಯುದ್ಧ ಆರಂಭವಾದ ಮಾರ್ಚ್ 20ರಿಂದ ಪ್ರತಿ ರಾತ್ರಿ, ಬಿದ್ದ ಕ್ಷಿಪಣಿಗಳ ಲೆಕ್ಕವನ್ನೂ ಸೇನೆ ಮುನ್ನಡೆದ ದೂರವನ್ನೂ ತಿದ್ದಿ ಅಚ್ಚಿಗೆ ಕಳುಹಿಸುತ್ತಿದ್ದವನು ನಾನೇ. ಹೋಗಬೇಕಾಗಿದ್ದ ಹಿರಿಯ ಸಹೋದ್ಯೋಗಿ ಕಾಯಿಲೆ ಬಿದ್ದರು, ನನ್ನ ಬಳಿ ಪಾಸ್‌ಪೋರ್ಟ್ ಇತ್ತು. ನನ್ನ ಆಯ್ಕೆಗೆ ಇದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ಒಲ್ಲೆ ಎಂದು ಹೇಳಿಬಿಡಲು ಎರಡು ಬಾರಿ ಸಂಪಾದಕರ ಕೊಠಡಿಯ ಬಾಗಿಲವರೆಗೆ ಹೋಗಿ, ಹೇಳಲಾರದೆ ಹಿಂದಿರುಗಿದೆ. ಇದನ್ನು ಮೊದಲೇ ತಿಳಿಸಬೇಕಾಗಿದೆ, ಏಕೆಂದರೆ ಯುದ್ಧಭೂಮಿಯ ವರದಿಗಾರ ಎಂದೊಡನೆ ಕೇಳುವವರ ಕಣ್ಣಮುಂದೆ ಎದೆಗಾರನೊಬ್ಬನ ಚಿತ್ರ ಬಂದು ನಿಲ್ಲುತ್ತದೆ. ಅಂಥ ಎದೆಗಾರರನ್ನು ನಾನು ಅಲ್ಲಿ ಕಂಡಿದ್ದೇನೆ, ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಹೆದರಿದವನನ್ನು ಅವನ ಹೆದರಿಕೆ ಯುದ್ಧದ ಯಾವ ಮೂಲೆಗೆ ಕರೆದೊಯ್ಯುತ್ತದೆ, ಅಲ್ಲಿ ಅವನಿಗೆ ಏನು ಕಾಣುತ್ತದೆ ಎಂಬುದೇ ನನ್ನ ಇಂದಿನ ವಿಷಯ.

ಹೆದರಲು ಕಾರಣಗಳಿದ್ದವು. ಏಪ್ರಿಲ್ 8ರಂದು ಬಾಗ್ದಾದಿನಲ್ಲಿ ಒಂದೇ ದಿನ ಮೂವರು ಪತ್ರಕರ್ತರು ಸತ್ತಿದ್ದರು. ಅಂದು ಅಮೆರಿಕದ ದಾಳಿಯಲ್ಲಿ ಅಲ್ ಜಝೀರಾ ವಾಹಿನಿಯ ಕಚೇರಿಗೆ ಪೆಟ್ಟು ಬಿದ್ದು ತಾರಿಕ್ ಅಯೂಬ್ ತೀರಿಕೊಂಡರು. ಕೆಲವೇ ಗಂಟೆಗಳಲ್ಲಿ, ವಿದೇಶಿ ವರದಿಗಾರರೆಲ್ಲ ತಂಗಿದ್ದ ಪ್ಯಾಲೆಸ್ಟೈನ್ ಹೋಟೆಲಿನ ಮೇಲೆ ಅಮೆರಿಕದ ಟ್ಯಾಂಕೊಂದು ಹಾರಿಸಿದ ಗುಂಡಿಗೆ ರಾಯಿಟರ್ಸ್‌ನ ತಾರಾಸ್ ಪ್ರೊತ್ಸ್ಯುಕ್ ಮತ್ತು ಸ್ಪೇನಿನ ಟೆಲಿಸಿಂಕೊ ವಾಹಿನಿಯ ಹೋಸೆ ಕೌಸೊ ಬಲಿಯಾದರು. ಆ ಸುದ್ದಿಯನ್ನು ಅನುವಾದಿಸಿದವನೂ ನಾನೇ. ಯುದ್ಧಕಾಲದಲ್ಲಿ ಪಾಲಿಸಬೇಕಾದ ನಿಯಮಗಳನ್ನು ಹೇಳುವ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲ ಹೆಚ್ಚುವರಿ ನಿಯಮಾವಳಿಯ 79ನೆಯ ವಿಧಿ, ಯುದ್ಧಪ್ರದೇಶದಲ್ಲಿ ಕೆಲಸ ಮಾಡುವ ಪತ್ರಕರ್ತನನ್ನು ನಾಗರಿಕನೆಂದೇ ಪರಿಗಣಿಸಿ ಕಾಪಾಡಬೇಕೆನ್ನುತ್ತದೆ. ಹೊರಡುವ ಮುನ್ನ ಆ ವಿಧಿಯನ್ನು ಹುಡುಕಿ ಓದಿದೆ. ಓದಿದ ಮೇಲೆ ಭಯ ಹೆಚ್ಚಿತು. ನಾಗರಿಕನಿಗೆ ಅಲ್ಲಿ ಎಂಥ ರಕ್ಷಣೆ ಸಿಗುತ್ತಿತ್ತೆಂಬುದನ್ನು ಪ್ರತಿ ರಾತ್ರಿ ನನ್ನ ಕೈಯಾರೆ ತಿದ್ದುತ್ತಿದ್ದೆನಲ್ಲ.

ಆ ಯುದ್ಧದಲ್ಲಿ 600ಕ್ಕೂ ಹೆಚ್ಚು ಪತ್ರಕರ್ತರು ಅಮೆರಿಕ ಮತ್ತು ಬ್ರಿಟನ್ನಿನ ಸೇನಾತುಕಡಿಗಳೊಡನೆ ಇದ್ದುಕೊಂಡೇ ವರದಿ ಮಾಡಿದರು. ಸೈನಿಕರ ವಾಹನದಲ್ಲಿ ಪ್ರಯಾಣ, ಅವರ ಜೊತೆಯಲ್ಲೇ ಊಟ, ನಿದ್ರೆ. ಅವರ ವರದಿಗಳಲ್ಲಿ ಗುಂಡು ಹಾರಿಸುವವನ ಬೆವರು, ಅವನ ದಣಿವು, ಅವನ ಭಯ ಸೊಗಸಾಗಿ ಬಂದಿವೆ. ಆ ಗುಂಡು ಹೋಗಿ ಬಿದ್ದ ಜಾಗ ಮಾತ್ರ ಅವರು ಕುಳಿತಿದ್ದ ವಾಹನದಿಂದ ಕಾಣುವಂತಿರಲಿಲ್ಲ. ಇದು ಅವರ ತಪ್ಪೆಂದು ನಾನು ಹೇಳುತ್ತಿಲ್ಲ, ನೋಡುವವನು ನಿಂತ ನೆಲದ ಮಿತಿ ಅದು.

ನಾನು ಹೋದದ್ದು ಜೋರ್ಡಾನಿನ ಕಡೆಯಿಂದ. ಅಮ್ಮಾನಿನಿಂದ ಬಾಗ್ದಾದಿಗೆ 800 ಕಿಲೋಮೀಟರಿಗೂ ಹೆಚ್ಚು ದೂರದ ಮರುಭೂಮಿಯ ರಸ್ತೆ. ನಡುರಾತ್ರಿ ಹೊರಟು, ಗಡಿಯನ್ನು ಬೆಳಕು ಹರಿಯುವ ಹೊತ್ತಿಗೆ ದಾಟಿ, ರುತ್ಬಾ, ರಮಾದಿ, ಫಲ್ಲುಜಾಗಳನ್ನು ಹಗಲಲ್ಲೇ ಹಿಂದೆ ಹಾಕಬೇಕು. ದರೋಡೆಕೋರರ ಭಯದಿಂದ ನಾಲ್ಕೈದು ವಾಹನಗಳು ಒಂದರ ಬೆನ್ನಿಗೊಂದು ಓಡುತ್ತಿದ್ದವು. ದಾರಿಯಲ್ಲಿ ಸುಟ್ಟು ಕರಕಲಾದ ಬಸ್ಸೊಂದನ್ನು ದಾಟುವಾಗ ಚಾಲಕ ವೇಗ ತಗ್ಗಿಸಲಿಲ್ಲ, ಮಾತನ್ನೂ ಆಡಲಿಲ್ಲ, ತುಟಿಯನ್ನಷ್ಟೇ ಅಲುಗಿಸಿದ. ಆ ದಾರಿಯ ಬಗ್ಗೆ ಇನ್ನೇನೂ ನನ್ನ ನೆನಪಿನಲ್ಲಿ ಉಳಿದಿಲ್ಲ.

ನಗರದಲ್ಲಿ ಫಿರ್ದೋಸ್ ಚೌಕದ ಸದ್ದಾಂ ಹುಸೇನರ ಪ್ರತಿಮೆ ಉರುಳಿ ಹತ್ತು ದಿನ ಕಳೆದಿತ್ತು. ವಿದ್ಯುತ್ ಇರಲಿಲ್ಲ. ಸರ್ಕಾರಿ ಕಚೇರಿಗಳಿಂದ ಕುರ್ಚಿ, ಕಪಾಟು, ಕೊನೆಗೆ ಗೋಡೆಯೊಳಗಿನ ತಂತಿ ಕೂಡ ಲೂಟಿಯಾಗಿತ್ತು. ಐದು ಸಾವಿರ ವರ್ಷಗಳ ಹಿಂದಿನ ವಸ್ತುಗಳಿದ್ದ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನೂ ಬಿಟ್ಟಿರಲಿಲ್ಲ. ಇತರ ವರದಿಗಾರರು ಗುಂಡಿನ ಸದ್ದು ಕೇಳಿದತ್ತ ಓಡುತ್ತಿದ್ದರು. ನನಗೆ ಕಾಲು ಬರುತ್ತಿರಲಿಲ್ಲ. ಎರಡನೆಯ ದಿನ ನನ್ನ ದುಭಾಷಿ, ಗುಂಡಿನಿಂದ ದೂರವಿರುವ, ಆದರೂ ಬರೆಯಲು ಏನಾದರೂ ಸಿಗುವ ಜಾಗಕ್ಕೆ ಹೋಗೋಣವೇ ಎಂದು ಕೇಳಿದರು. ನನ್ನ ಸ್ಥಿತಿ ಅವರಿಗೆ ಅರ್ಥವಾಗಿತ್ತು. ಹಾಗೆ ನಾನು ತಲುಪಿದ್ದು ಒಂದು ಆಸ್ಪತ್ರೆ. ನಂತರದ ಹದಿನೈದು ದಿನಗಳ ಬಹುಪಾಲನ್ನು ಕಳೆದದ್ದೂ ಅಲ್ಲಿಯೇ.

ಆಸ್ಪತ್ರೆಯ ಗೇಟಿನಲ್ಲಿ ನೆರೆಯ ಮಸೀದಿಯಿಂದ ಬಂದ ಯುವಕರು ಬಂದೂಕು ಹಿಡಿದು ಲೂಟಿಕೋರರನ್ನು ತಡೆಯುತ್ತಿದ್ದರು. ಒಳಗೆ ದಾಖಲಾತಿ ಕೊಠಡಿಯ ಮೇಜು ಕಳುವಾಗಿತ್ತು. ಗುಮಾಸ್ತ ನೆಲದ ಮೇಲೆ ಕಂಬಳಿ ಹಾಸಿ, ಮಡಿಲಲ್ಲಿ ಉದ್ದನೆಯದೊಂದು ಲೆಕ್ಕದ ಪುಸ್ತಕವನ್ನು ಇಟ್ಟುಕೊಂಡು ಕುಳಿತಿದ್ದ. ಲೂಟಿ ಆರಂಭವಾದ ದಿನ ಆ ಪುಸ್ತಕವನ್ನು ಅಂಗಿಯೊಳಗೆ ಸೇರಿಸಿಕೊಂಡು ಮನೆಗೆ ಒಯ್ದಿದ್ದನಂತೆ. ಔಷಧಿ ಬಿಟ್ಟು ಪುಸ್ತಕವನ್ನೇಕೆ ಉಳಿಸಿದಿರಿ ಎಂದು ಕೇಳಿಸಿದೆ. "ಸತ್ತವರ ಮನೆಯವರು ಬಂದು ಕೇಳಿದರೆ ಏನನ್ನು ತೋರಿಸಲಿ?" ಎಂದ.

ಆ ಪುಸ್ತಕವನ್ನು ನಾನು ಹತ್ತಿರದಿಂದ ನೋಡಿದೆ. ಅಳತೆಪಟ್ಟಿ ಇಟ್ಟು ಕೆಂಪು ಶಾಯಿಯಲ್ಲಿ ಗೆರೆ ಎಳೆದ ಅಂಕಣಗಳು ಬಲದಿಂದ ಎಡಕ್ಕೆ ಸಾಗುತ್ತಿದ್ದವು: ಕ್ರಮಸಂಖ್ಯೆ, ಹೆಸರು, ವಯಸ್ಸು, ಬಡಾವಣೆ, ಗಾಯದ ಬಗೆ, ಕೊನೆಯಲ್ಲಿ ಮನೆಗೆ ಹೋದರೋ ತೀರಿಕೊಂಡರೋ ಎಂಬ ಒಂದು ಪದ. ಮಾರ್ಚ್ ಕೊನೆಯವರೆಗೆ ಅಕ್ಷರಗಳು ದುಂಡಾಗಿ, ಒಂದೇ ಕೈಯ ಬರವಣಿಗೆಯಾಗಿ ನಡೆದಿವೆ. ಏಪ್ರಿಲ್ 5ರ ನಂತರ ಕೈ ಬದಲಾಗುತ್ತದೆ, ಮತ್ತೆ ಬದಲಾಗುತ್ತದೆ. ಒಂದು ಸಾಲಿನ ಜಾಗದಲ್ಲಿ ಎರಡು ಹೆಸರುಗಳು ಇಕ್ಕಟ್ಟಾಗಿ ಕೂರುತ್ತವೆ. ವಯಸ್ಸಿನ ಅಂಕಣ ಖಾಲಿ ಬೀಳತೊಡಗುತ್ತದೆ. ಹೆಸರಿನ ಜಾಗದಲ್ಲಿ ಮಜ್‌ಹೂಲ್ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಅರಬ್ಬಿಯಲ್ಲಿ ಅದಕ್ಕೆ ಅಜ್ಞಾತ, ಗುರುತು ಸಿಗದವರು ಎಂದು ಅರ್ಥ. ಒಂದು ಪುಟದ ಕೆಳಗಡೆ ಯಾರದೋ ಹೆಬ್ಬೆರಳಿನ ಕಂದು ಗುರುತಿತ್ತು. ಅದರ ನಂತರ ಎರಡು ಪುಟ ಬರಿದಾಗಿದ್ದವು. ಲೂಟಿಯ ದಿನಗಳವು. ಆಮೇಲೆ ಸಾಲುಗಳು ಸೀಸದಕಡ್ಡಿಯಲ್ಲಿ ಮುಂದುವರಿದಿದ್ದವು, ಏಕೆಂದರೆ ಪೆನ್ನುಗಳೂ ಕಳುವಾಗಿದ್ದವು.

ದುಭಾಷಿ ಒಂದೊಂದೇ ಸಾಲನ್ನು ಓದಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಅಲ್ಲಿನ ಪದ್ಧತಿಯಂತೆ ತನ್ನ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು ಒಟ್ಟಿಗೆ ಬರುತ್ತವೆಯಾದ್ದರಿಂದ, ಒಂದೇ ದಿನಾಂಕದ ಕೆಳಗೆ ತಂದೆ ಅಜ್ಜಂದಿರ ಹೆಸರು ಒಂದೇ ಆಗಿರುವ ನಾಲ್ಕು ಸಾಲುಗಳು ಬಂದರೆ ಏನಾಗಿದೆಯೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದು ಸಾಲಿನ ಮುಂದೆ ಅವರ ದನಿ ನಿಂತಿತು. ಕ್ಷಣ ಹೊತ್ತು ಆ ಸಾಲನ್ನು ನೋಡಿ, ಓದದೆ, ಮುಂದಿನದಕ್ಕೆ ಹೋದರು. ಕ್ರಮಸಂಖ್ಯೆ 60 ಆದ ಮೇಲೆ 62 ಎಂದರು. 61 ಬಿಟ್ಟುಹೋಯಿತಲ್ಲ ಎಂದೆ. "ಅದನ್ನು ಆಮೇಲೆ ಹೇಳುತ್ತೇನೆ, ನೀವು ಮುಂದೆ ಬರೆಯಿರಿ" ಎಂದರು.

ಸಂಜೆಯ ಹೊತ್ತು ತಾರಸಿಗೆ ಹೋಗಿ, ಉಪಗ್ರಹ ದೂರವಾಣಿಯ ಆಂಟೆನಾವನ್ನು ತೆರೆದ ಆಕಾಶಕ್ಕೆ ಒಡ್ಡಿ, ವರದಿಯನ್ನು ಓದಿ ಬರೆಸುತ್ತಿದ್ದೆ. ಆ ತುದಿಯಲ್ಲಿ ಬರೆದುಕೊಳ್ಳುತ್ತಿದ್ದವರು, ಸೇನೆಯ ಕಡೆಯ ಸುದ್ದಿ ಏನಾದರೂ ಇದೆಯೇ ಎಂದು ಕೇಳುತ್ತಿದ್ದರು. ಒಂದು ತಿಂಗಳ ಹಿಂದೆ ಆ ಕುರ್ಚಿಯಲ್ಲಿದ್ದಾಗ ನಾನೂ ಅದನ್ನೇ ಕೇಳುತ್ತಿದ್ದೆ. ಆಸ್ಪತ್ರೆಯ ಸಾಲುಗಳು ಮೊದಲ ಪುಟಕ್ಕೆ ಹೋಗಲಿಲ್ಲ. ಆದರೂ ಯುದ್ಧದ ಪೂರ್ಣ ವರದಿ ಅಂಥ ಪುಸ್ತಕವಿಲ್ಲದೆ ಆಗುವುದಿಲ್ಲವೆಂದು ನಾನು ಅಂದೇ ನಂಬಿದೆ. ಆ ವರ್ಷದ ಜೂನ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಯ ವರದಿಗಾರರು ಇರಾಕಿನ 124 ಆಸ್ಪತ್ರೆಗಳಲ್ಲಿ 60ರ ದಾಖಲೆಗಳನ್ನು ಪರಿಶೀಲಿಸಿ, ಯುದ್ಧದ ಮೊದಲ ಒಂದು ತಿಂಗಳಲ್ಲಿ ಕನಿಷ್ಠ 3,240 ನಾಗರಿಕರು ಸತ್ತಿದ್ದರೆಂದು ಪ್ರಕಟಿಸಿದರು. ಸತ್ತವನು ಸೈನಿಕನೋ ನಾಗರಿಕನೋ ಎಂದು ಬೇರ್ಪಡಿಸಿ ಬರೆಯದ ಆಸ್ಪತ್ರೆಗಳ ಲೆಕ್ಕವನ್ನು ಅವರು ಕೈಬಿಟ್ಟಿದ್ದರು; ಆಸ್ಪತ್ರೆಗೆ ಬಾರದೆ ಮನೆಯಂಗಳದಲ್ಲೇ ಹೂತವರ ಲೆಕ್ಕ ಅದರಲ್ಲಿ ಬರುವಂತೆಯೇ ಇರಲಿಲ್ಲ. ನಾನು ಕಂಡಂಥ ಗುಮಾಸ್ತರು ಅಲ್ಲಲ್ಲಿ ಪುಸ್ತಕ ಉಳಿಸಿಕೊಂಡಿರದಿದ್ದರೆ ಅಷ್ಟೂ ಸಿಗುತ್ತಿರಲಿಲ್ಲ.

ಇದು ಹೊಸದೇನಲ್ಲ. 1854ರಲ್ಲಿ ರಷ್ಯಾದ ವಿರುದ್ಧ ಬ್ರಿಟನ್ ಹೋರಾಡಿದ ಕ್ರಿಮಿಯಾ ಯುದ್ಧ ನಡೆದಾಗ, ಲಂಡನ್ನಿನ ಟೈಮ್ಸ್ ಪತ್ರಿಕೆಯ ವಿಲಿಯಂ ಹೊವಾರ್ಡ್ ರಸೆಲ್ ರಣಾಂಗಣದಿಂದ ಬರೆದ ವರದಿಗಳು ಇಂದಿಗೂ ಪ್ರಸಿದ್ಧ. ಅದೇ ಪತ್ರಿಕೆಯ ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್) ವರದಿಗಾರ ಥಾಮಸ್ ಚೆನೆರಿಯನ್ನು ನೆನೆಯುವವರು ಕಡಿಮೆ. ರಣಾಂಗಣದಿಂದ ದೂರದಲ್ಲಿ, ಆ ನಗರದ ಎದುರು ದಡದಲ್ಲಿದ್ದ ಸ್ಕುಟಾರಿಯ ಬ್ರಿಟಿಷ್ ಸೇನಾ ಆಸ್ಪತ್ರೆಯಲ್ಲಿ ಗಾಯಾಳುಗಳಿಗೆ ಸಾಕಷ್ಟು ವೈದ್ಯರಿಲ್ಲ, ದಾದಿಯರಿಲ್ಲ, ಕಟ್ಟಲು ಬಟ್ಟೆಯೂ ಇಲ್ಲವೆಂದು ಅಕ್ಟೋಬರಿನಲ್ಲಿ ಬರೆದವರು ಅವರು. ಆ ವರದಿಗಳಿಂದ ಬ್ರಿಟನ್ನಿನಲ್ಲಿ ಎದ್ದ ಆಕ್ರೋಶದ ಫಲವಾಗಿ, ನವೆಂಬರ್ ಮೊದಲ ವಾರದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ 38 ಮಂದಿ ದಾದಿಯರೊಡನೆ ಅಲ್ಲಿಗೆ ಬಂದಿಳಿದರು. ಚೆನೆರಿಯ ವಿಷಯ ಓದಿದಾಗಲೆಲ್ಲ ನನಗೆ ದೊಡ್ಡ ಸಮಾಧಾನವಾಗುತ್ತದೆ.

ಹಿಂದಿರುಗಿದ ಮೇಲಿನ ತಿಂಗಳುಗಳ ಬಗ್ಗೆ ಹೆಚ್ಚು ಹೇಳಲಾರೆ. ನಿದ್ರೆ ಬರುತ್ತಿರಲಿಲ್ಲ; ಯಾರಾದರೂ ಹೆಸರುಗಳ ಪಟ್ಟಿಯನ್ನು ಗಟ್ಟಿಯಾಗಿ ಓದಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ಮನೋವೈದ್ಯ ಆಂಥನಿ ಫೈನ್‌ಸ್ಟೈನ್ ಮತ್ತು ಅವರ ಸಹೋದ್ಯೋಗಿಗಳು 140 ಮಂದಿ ಯುದ್ಧ ವರದಿಗಾರರನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಅವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಆಘಾತದ ನಂತರ ಕಾಡುವ ಮನೋರೋಗಕ್ಕೆ ತುತ್ತಾಗಿದ್ದರು. ನಾನು ಹೋದದ್ದು ಮೂರೇ ವಾರಗಳಿಗೆ, ಅದೂ ಆಸ್ಪತ್ರೆಯೊಂದಕ್ಕೆ. ಅಲ್ಲೇ ಹುಟ್ಟಿ, ಅಲ್ಲೇ ವರದಿ ಮಾಡುತ್ತಾ ಇದ್ದವರ ಪಾಡನ್ನು ಯಾರು ಅಳೆದಾರು? ಮುಂದಿನ ವರ್ಷಗಳಲ್ಲಿ ಇರಾಕಿನಲ್ಲಿ ಕೊಲೆಯಾದ ಪತ್ರಕರ್ತರಲ್ಲಿ ಬಹುಪಾಲು ಇರಾಕಿನವರೇ. ವಿದೇಶಿಯರಿಗೆ ದುಭಾಷಿಗಳಾಗಿ ದುಡಿದವರನ್ನೂ ಹುಡುಕಿ ಹುಡುಕಿ ಕೊಂದರು.

ನಾನು ಹೊರಡುವ ಹಿಂದಿನ ರಾತ್ರಿ, ವರದಿಯಲ್ಲಿ ನಿಮ್ಮ ಹೆಸರನ್ನೂ ಸೇರಿಸುತ್ತೇನೆ, ಅರ್ಧ ಕೆಲಸ ನಿಮ್ಮದೇ ಎಂದು ದುಭಾಷಿಗೆ ಹೇಳಿದೆ. ಅವರು ಬೇಡವೆಂದರು. ಹೆಸರಾಗಲಿ, ಬಡಾವಣೆಯಾಗಲಿ, ಮೊದಲು ಮಾಡುತ್ತಿದ್ದ ಉದ್ಯೋಗವಾಗಲಿ ಎಲ್ಲಿಯೂ ಬರಬಾರದೆಂದು ಮಾತು ತೆಗೆದುಕೊಂಡರು. ಆಮೇಲೆ ನಾನು ಕ್ರಮಸಂಖ್ಯೆ 61ರ ಬಗ್ಗೆ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಲೆಕ್ಕದಲ್ಲಿ ಸೇರಿಸಿಕೊಳ್ಳಿ, ಬರೆಯಬೇಡಿ" ಎಂದರು. ನಾನು ಹಾಗೆಯೇ ಮಾಡಿದೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಸಂಖ್ಯೆಯ ಮುಂದಿನ ಜಾಗ ಈಗಲೂ ಖಾಲಿ ಇದೆ.

ನಮಸ್ಕಾರ.