ಪಕ್ಕದ ಸೀಟು ಖಾಲಿ

ಎಲ್ಲ ಕೇಳುಗರಿಗೂ ಹಾಸನದಿಂದ ನಮಸ್ಕಾರ. ಕ್ಲಾಡಿಯಾ ರ‍್ಯಾಂಕಿನ್ ಎಂಬ ಕವಿಯ ಬಗ್ಗೆ ನಿಮಗೆ ಹೇಳಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. 1963ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದವರು. ಚಿಕ್ಕ ಹುಡುಗಿಯಾಗಿದ್ದಾಗಲೇ ಅಮೆರಿಕಕ್ಕೆ ಬಂದರು, ಅಲ್ಲೇ ಓದಿದರು, ಅಲ್ಲೇ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಿದರು. ಬದುಕಿನ ವಿವರ ಇಷ್ಟು ಸಾಕು, ಬರೆದದ್ದಕ್ಕೆ ಬರೋಣ.

2014ರಲ್ಲಿ ಅವರ 'ಸಿಟಿಜನ್' ಬಂತು. ತೆರೆದು ನೋಡಿದರೆ ಕವಿತೆ ಅನ್ನಿಸುವುದೇ ಇಲ್ಲ. ಪ್ರಾಸ ಇಲ್ಲ, ಹೆಚ್ಚಿನ ಕಡೆ ನಾವು ಮಾತಾಡುವ ಹಾಗೇ ಗದ್ಯ, ನಡುನಡುವೆ ಫೋಟೋ, ಚಿತ್ರ. ಅಮೆರಿಕದ ನ್ಯಾಷನಲ್ ಬುಕ್ ಕ್ರಿಟಿಕ್ಸ್ ಸರ್ಕಲ್ ಪ್ರಶಸ್ತಿಗೆ ಅದು ಕವಿತೆ, ವಿಮರ್ಶೆ ಎರಡೂ ವಿಭಾಗಗಳಲ್ಲಿ ಕೊನೆ ಸುತ್ತಿಗೆ ಬಂತು. ಹಿಂದೆ ಯಾವ ಪುಸ್ತಕಕ್ಕೂ ಹಾಗಾಗಿರಲಿಲ್ಲ. ಗೆದ್ದದ್ದು ಕವಿತೆಯಲ್ಲಿ.

ವರ್ಣಭೇದ ಅಂದ ಕೂಡಲೇ ನಮಗೆ ಗುಂಡೇಟು, ಬೆಂಕಿ, ಮೆರವಣಿಗೆ ನೆನಪಾಗುತ್ತವೆ, ಅಲ್ವಾ? ರ‍್ಯಾಂಕಿನ್ ಹಿಡಿಯುವುದು ತೀರಾ ಸಣ್ಣ ಪ್ರಸಂಗಗಳನ್ನು. ಒಂದು ಹೇಳುತ್ತೇನೆ. ಆಘಾತ ಆದವರಿಗೆ ಚಿಕಿತ್ಸೆ ಕೊಡುವ ಒಬ್ಬ ಮನೋತಜ್ಞೆ. ಅದುವರೆಗೆ ಮಾತು ನಡೆದದ್ದೆಲ್ಲ ಫೋನಿನಲ್ಲೇ. ಮೊದಲ ಸಲ ಮನೆಗೆ ಹೋಗಿ ಬೆಲ್ ಒತ್ತಿದರೆ, ಆಕೆ ಬಾಗಿಲು ತೆಗೆದು, ಎದುರಿಗೆ ನಿಂತ ಕಪ್ಪು ಮುಖ ನೋಡಿ, ಹೋಗಾಚೆ, ನನ್ನ ಅಂಗಳದಲ್ಲಿ ನಿನಗೇನು ಕೆಲಸ ಅಂತ ಕಿರುಚುತ್ತಾಳೆ. ಅಪಾಯಿಂಟ್‌ಮೆಂಟ್ ಇದೆ ಅಂದ ಮೇಲೆ ಮತ್ತೆ ಮತ್ತೆ ಕ್ಷಮೆ ಕೇಳುತ್ತಾಳೆ. ಅಷ್ಟೇ ಕವಿತೆ. ರಕ್ತ ಬರಲಿಲ್ಲ, ಪೊಲೀಸ್ ಕೇಸಾಗಲಿಲ್ಲ. ಮನಸ್ಸಿನ ನೋವಿಗೆ ಮದ್ದು ಹುಡುಕಿ ಹೋದ ಜೀವಕ್ಕೆ ಬಾಗಿಲಲ್ಲೇ ಇನ್ನೊಂದು ಪೆಟ್ಟು. ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಆಗಲಿಲ್ಲ.

ಇಂಥ ಪೆಟ್ಟುಗಳೆಲ್ಲ ಒಳಗೆ ಎಲ್ಲಿ ಸೇರುತ್ತವೆ? ಅದಕ್ಕೇ ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ ಬಗ್ಗೆ ಉದ್ದಕ್ಕೆ ಬರೆಯುತ್ತಾರೆ. 2004ರ ಯು.ಎಸ್. ಓಪನ್‌ನಲ್ಲಿ ಸೆರೆನಾ ವಿರುದ್ಧ ಒಂದರ ಮೇಲೊಂದು ತಪ್ಪು ತೀರ್ಪು ಬಂತು, ಅವರು ಸೋತರು. 2009ರಲ್ಲಿ ಅದೇ ಟೂರ್ನಿಯಲ್ಲಿ ಕಾಲು ಗೆರೆ ಮುಟ್ಟಿತು ಅಂತ ಫುಟ್ ಫಾಲ್ಟ್ ಕೊಟ್ಟಾಗ ಕೂಗಾಡಿಬಿಟ್ಟರು. ಜನ ಆ ಕೂಗಾಟವನ್ನಷ್ಟೇ ನೋಡಿದರು. ರ‍್ಯಾಂಕಿನ್ ಐದು ವರ್ಷದ ಹಿಂದಿನ ಲೆಕ್ಕವನ್ನೂ ತೆಗೆದು ಮುಂದಿಡುತ್ತಾರೆ.

ಸಾವುಗಳೂ ಆ ಪುಸ್ತಕದಲ್ಲಿವೆ. ಒಂದು ಪುಟದಲ್ಲಿ ಸತ್ತ ಕಪ್ಪು ಜನರ ಹೆಸರುಗಳಿವೆ. ಮರುಮುದ್ರಣ ಆದ ಹಾಗೆ ಆ ಪಟ್ಟಿಗೆ ಹೊಸ ಹೆಸರು ಸೇರಿಸುತ್ತಾ ಹೋದರು. ಕೆಳಗಿನ ಸಾಲುಗಳಲ್ಲಿ ಹೆಸರಿಗೆ ಜಾಗ ಖಾಲಿ, ಅಕ್ಷರ ಮಸುಕಾಗುತ್ತಾ ಹೋಗುತ್ತದೆ. ಮುಖಪುಟದಲ್ಲಿ ಕತ್ತರಿಸಿದ ಕಪ್ಪು ಟೋಪಿ, ಸ್ವೆಟ್‌ಶರ್ಟಿನದು. 2012ರಲ್ಲಿ ಗುಂಡಿಗೆ ಬಲಿಯಾದ ಟ್ರೇವನ್ ಮಾರ್ಟಿನ್ ಎಂಬ ಹುಡುಗ ಅಂಥದ್ದೇ ಬಟ್ಟೆ ತೊಟ್ಟಿದ್ದ. ಆದರೆ ಡೇವಿಡ್ ಹ್ಯಾಮನ್ಸ್ ಆ ಕಲಾಕೃತಿ ಮಾಡಿದ್ದು 1993ರಲ್ಲಿ.

ನನ್ನನ್ನು ಜಾಸ್ತಿ ಕಾಡಿದ್ದು ರೈಲಿನ ಕವಿತೆ. ಒಬ್ಬ ಕಪ್ಪು ಮನುಷ್ಯನ ಪಕ್ಕ ಸೀಟು ಖಾಲಿ ಇದೆ, ಒಬ್ಬಾಕೆ ನಿಂತೇ ಇದ್ದಾಳೆ. ಕವಿತೆ ನಮ್ಮನ್ನು ಕರೆದುಕೊಂಡು ಹೋಗಿ ಆ ಸೀಟಿನಲ್ಲಿ ಕೂರಿಸುತ್ತದೆ. ಹಾಸನದಿಂದ ಸಕಲೇಶಪುರಕ್ಕೆ ಹೋಗುವ ಬಸ್ಸಿನಲ್ಲಿ, ಕಾಫಿ ತೋಟದ ಕೆಲಸಕ್ಕೆ ಬಂದ ಅಸ್ಸಾಮಿನ ಹುಡುಗ ಕಿಟಕಿ ಹತ್ತಿರ ಕೂತಿರುತ್ತಾನೆ, ಪಕ್ಕದಲ್ಲಿ ಜಾಗ ಇದ್ದರೂ ನಮ್ಮವರು ಕಂಬಿ ಹಿಡಿದು ನಿಂತೇ ಹೋಗುವುದನ್ನು ನಾನು ನೋಡಿದ್ದೇನೆ. ಯಾರೂ ಅವನಿಗೆ ಬೈಯುವುದಿಲ್ಲ, ಸುಮ್ನೆ ಕೂರುವುದಿಲ್ಲ. ಹೆಣ್ಣು ನೋಡಲು ಹೋದಾಗ ಹುಡುಗಿ ಸ್ವಲ್ಪ ಕಪ್ಪು ಅಂತ ಅವಳ ಎದುರೇ ಹೇಳುವವರೂ ನಾವೇ. ಅಮೆರಿಕದ ಚರಿತ್ರೆ ಬೇರೆ, ಗುಲಾಮಗಿರಿಯ ಕಥೆ ಬೇರೆ, ಎರಡನ್ನೂ ಒಂದೇ ಅನ್ನಲಾರೆ. ಆದರೂ ಆ ಕವಿತೆ ಓದುವಾಗ ನಾನು ನಿಂತವರ ಸಾಲಿನಲ್ಲಿದ್ದೇನೋ, ಕೂತವನ ಪಕ್ಕದಲ್ಲಿದ್ದೇನೋ ಅಂತ ಕೇಳಿಕೊಳ್ಳಬೇಕಾಯಿತು.

2016ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಸಿಕ್ಕಿತು. ಆ ಹಣದಿಂದ ಜನಾಂಗದ ವಿಷಯ ಕುರಿತು ಕಲಾವಿದರು, ಲೇಖಕರು ಒಟ್ಟಾಗಿ ಕೆಲಸ ಮಾಡುವ ಸಂಸ್ಥೆ ಕಟ್ಟಿದರು. 2020ರ 'ಜಸ್ಟ್ ಅಸ್' ಪುಸ್ತಕದಲ್ಲಿ, ವಿಮಾನ ಪ್ರಯಾಣದಲ್ಲಿ ಸಿಕ್ಕ ಬಿಳಿಯರ ಜೊತೆ ಈ ಮಾತನ್ನು ನೇರವಾಗಿ ಎತ್ತುತ್ತಾರೆ. ತಾವು ಬರೆದದ್ದು ನಿಜವೋ ಅಂತ ಎದುರು ಪುಟದಲ್ಲೇ ಪರೀಕ್ಷೆ ಮಾಡುತ್ತಾರೆ. ಈ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟ.

'ಸಿಟಿಜನ್' ಇಂಗ್ಲಿಷ್ ಕಷ್ಟದ್ದಲ್ಲ. ಕಾಲೇಜಿಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ, ಎರಡು ಪುಟ ಓದಿ ಕನ್ನಡದಲ್ಲಿ ಹೇಳು ಅಂತ ಕೇಳಿ ನೋಡಿ. ನಮಸ್ಕಾರ.